ಕಣ್ಣು ಮಿಟುಕಿಸುತ್ತಿದ್ದ ಕೆಂಪು ರೈಲು

ನಕಾನೊ, ಟೋಕಿಯೊ
ಫೆಬ್ರವರಿ 11, 1996

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಬ್ಯೂನಸ್ ಐರಿಸ್‌ನಲ್ಲಿ ಈಗ ಸೆಕೆಯಂತೆ, ಆದರೂ ನೀನು ಉಣ್ಣೆ ಬನಿಯನ್ ಬಿಟ್ಟು ಹೋದೆ ಅಂತ ಅಮ್ಮ ದಿನಾ ಕೊರಗುತ್ತಾಳೆ. ಮೂರು ಹೊತ್ತೂ ದನದ ಮಾಂಸ ಅಂತ ಬರೆದಿದ್ದೆ, ಹೊಟ್ಟೆ ಸರಿಯಿದೆ ತಾನೆ? ಇಲ್ಲಿಂದ ಅಲ್ಲಿಗೆ ಮಾರಿದ, ನೀನು ರಿಪೇರಿ ನೋಡಿಕೊಳ್ಳುವ ನಿನ್ನ ಹಳೆಯ ಕೆಂಪು ರೈಲುಗಳು ಕ್ಷೇಮವೇ? ನಮ್ಮೂರ ನೆಲದಡಿ ಅಷ್ಟು ವರ್ಷ ದುಡಿದ ಮೇಲೆ ಅವಕ್ಕೆ ನಿವೃತ್ತಿಯ ಬದಲು ಸಮುದ್ರ ದಾಟಿ ಹೊಸ ನೌಕರಿ! ಬಾಗಿಲ ಮೇಲಿನ ನಮ್ಮ ಜಪಾನಿ ಅಕ್ಷರಗಳನ್ನು ಅಲ್ಲಿಯವರು ಅಳಿಸಿಲ್ಲವಂತಲ್ಲ. ಓದಲು ಬಾರದಿದ್ದರೂ ಅಷ್ಟು ಮರ್ಯಾದೆ. ಈ ಮನೆಯಲ್ಲಿ ನನಗೆ ಅಷ್ಟೂ ಇಲ್ಲ.

ಈಗ ಗಂಭೀರ ವಿಷಯ, ನೆಟ್ಟಗೆ ಕೂತು ಓದು. ಅಜ್ಜಿಗೆ ಅರಳುಮರಳು ಎಂದು ದೊಡ್ಡಪ್ಪ ತೀರ್ಪು ಕೊಟ್ಟಿದ್ದಾರೆ. ಈಚೆಗೆ ಯೋತ್ಸುಯಾದ ತನ್ನ ತಂಗಿಯ ಮನೆಯಿಂದ ಬರುವಾಗ ಅಜ್ಜಿ ನಮ್ಮ ನಕಾನೊ-ಸಕಾವೆಯಲ್ಲಿ ಇಳಿಯದೆ ಕೊನೆಯ ಸ್ಟೇಷನ್ ಒಗಿಕುಬೊವರೆಗೆ ಹೋಗಿಬಿಡುತ್ತಾಳೆ. ಒಂದು ಸಲ ಅಲ್ಲ, ಪ್ರತಿ ಸಲ. "ಹುಟ್ಟಿದೂರಿನ ಸ್ಟೇಷನ್ನೇ ಗೊತ್ತಾಗಲ್ಲ ಅಂದ್ರೆ ಇನ್ನೇನು ಉಳೀತು? ಮುಂದಿನ ತಿಂಗಳು ಚಿಬಾದ ವೃದ್ಧಾಶ್ರಮಕ್ಕೆ" ಅಂದರು. ಅಜ್ಜಿ ಅವತ್ತೇ ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಖಾಲಿ ಮಾಡಿ ತೊಳೆದಿಟ್ಟಳು.

ನಾನು ಉನ್ನತ ಮಟ್ಟದ ತನಿಖೆ ಕೈಗೊಂಡೆ. ಅಂದರೆ, ಜೊತೆಗೆ ಹೋದೆ. ಅಜ್ಜಿ ಎಂದಿನಂತೆ ಕೂತ ತಕ್ಷಣ ನಿದ್ದೆ. ಕಿವಿ ಮಂದ, ಸ್ಟೇಷನ್ ಹೆಸರು ಕೂಗಿದ್ದು ಕೇಳಿಸದು. ನಾನು ಅವಳ ಚೀಲದ ಕಿತ್ತಳೆಗೆ ಕೈಹಾಕಲು ಕಾದೆ. ನಿನಗೂ ಗೊತ್ತು, ನಮ್ಮ ಸ್ಟೇಷನ್ ಹತ್ತಿರ ಹಳಿ ಕವಲೊಡೆಯುವಲ್ಲಿ ಕರೆಂಟು ತಪ್ಪಿ ಕೆಂಪು ರೈಲಿನ ದೀಪ ಒಂದು ಚಿಟಿಕೆ ಹೊತ್ತು ಆರುತ್ತಿತ್ತು; ಚಿಕ್ಕಂದಿನಿಂದ ನನ್ನ ಕಿತ್ತಳೆ ವ್ಯವಹಾರವೆಲ್ಲ ಆ ಕತ್ತಲಲ್ಲೇ. ಕಾದೆ, ಕಾದೆ. ದೀಪ ಆರಲೇ ಇಲ್ಲ. ಈ ಬೆಳ್ಳಿ ಬಣ್ಣದ ಹೊಸ ರೈಲು ಕಣ್ಣೇ ಮಿಟುಕಿಸುವುದಿಲ್ಲ! ನನ್ನ ಕೈ ಗಾಳಿಯಲ್ಲಿ, ಅಜ್ಜಿ ನಿದ್ದೆಯಲ್ಲಿ, ಇಬ್ಬರೂ ಒಗಿಕುಬೊದಲ್ಲಿ.

ಆಗ ಹೊಳೆಯಿತು. ಮುಚ್ಚಿದ ರೆಪ್ಪೆಯ ಮೇಲೆ ಕತ್ತಲು ಬಿದ್ದರೆ ಅಜ್ಜಿ ಏಳುತ್ತಿದ್ದಳು. ಇಬ್ಬರೂ ಅದೇ ಕತ್ತಲನ್ನು ನಂಬಿದ್ದೆವು. ದೊಡ್ಡಪ್ಪನಿಗೆ ಹೇಳಿದರೆ, "ಮಿಸಾವೊ, ನಿನ್ನ ಕೋತಿ ಚೇಷ್ಟೆಗೆ ಇದೊಂದು ಬಾಕಿ ಇತ್ತು" ಅಂದರು. ಆದರೂ ಇವತ್ತು ನಮ್ಮ ಜೊತೆ ಬರಲು ಒಪ್ಪಿದ್ದಾರೆ. ಈಗ ಹೊರಟೆವು.

ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಎಣ್ಣೆ ಕೈಯಲ್ಲಿ ಊಟ ಮಾಡಬೇಡ.

ನಿನ್ನ ವಿಧೇಯ (ನಗಬೇಡ) ಮಗಳು,
ಮಿಸಾವೊ

ತಾ.ಕ.: ಅಪ್ಪಾ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ಡಬ್ಬಿ ತೆಗೆಯುವ ಹೊತ್ತು. ಸ್ಟೇಷನ್ ಹತ್ತಿರ ಬರುತ್ತಿದ್ದಂತೆ ಅಜ್ಜಿಯ ಕಣ್ಣಿಗೆ ನನ್ನ ಕೈ ಅಡ್ಡ ಹಿಡಿದೆ. ತಕ್ಷಣ ಚೀಲ ಎತ್ತಿಕೊಂಡು ಎದ್ದಳು, ಬಾಗಿಲು ತೆರೆಯಿತು, ಇಳಿದೆವು. ದೊಡ್ಡಪ್ಪ ಬಾಯಿ ತೆರೆದು ನೋಡುತ್ತಾ ಕೂತೇ ಇದ್ದರು, ಬಾಗಿಲು ಮುಚ್ಚಿತು, ಒಗಿಕುಬೊ ಕಡೆ ಹೋಗಿಯೇ ಬಿಟ್ಟರು. ಇನ್ನೂ ಬಂದಿಲ್ಲ. ಬಂದ ಮೇಲೂ ಆಶ್ರಮದ ಮಾತನ್ನು ಕೈಬಿಡುತ್ತಾರೋ ಇಲ್ಲವೋ, ಆದ್ದರಿಂದ ಇದು ಕೈಸೇರಿದ ಕೂಡಲೇ ಅವರಿಗೆ ಫೋನ್ ಮಾಡಿ ಆ ದೀಪದ ವಿಷಯ ನೀನೇ ಹೇಳು. ರೈಲಿನ ವಿಷಯದಲ್ಲಿ ನಿನ್ನ ಮಾತೊಂದನ್ನೇ ನಂಬುತ್ತಾರೆ. ಅಜ್ಜಿ ಮಾತ್ರ ಜಾಡಿಗೆ ಮತ್ತೆ ಮೂಲಂಗಿ ತುಂಬುತ್ತಾ ಹೇಳಿದಳು: "ಪಾಪ, ಇಳಿಯೋದೇ ಮರೆತುಬಿಟ್ಟ. ಅವನಿಗೂ ವಯಸ್ಸಾಯ್ತು ಕಣೇ."