ಒಳಗಿನ ಚಿಲಕ

ಮಾರ್ಚ್ ೧೧, ಭಾನುವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ಮೊಂಡಿ ತಂಗಿಯ ನಮಸ್ಕಾರ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ. ಕೆಲಸದಲ್ಲಿ ಉಸಿರಾಡಲೂ ಪುರುಸೊತ್ತಿರಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಹಲ್ಲಿನ ಸೆಟ್ಟು ಮಾಡುವವಳಿಗೆ ಅಷ್ಟೊಂದು ಕೆಲಸ ಬರಬೇಕಾದರೆ ಅರ್ಧ ಊರೇ ಬೊಚ್ಚುಬಾಯಿ ಆಗಬೇಕು, ನೀನು ನಂಬುವುದಿಲ್ಲ. ನಿನ್ನ ಮೊಣಕಾಲು ನೋವು ಹೇಗಿದೆ? ಅತ್ತಿಗೆ ಹೇಳಿದ ವ್ಯಾಯಾಮವನ್ನು ಮಾಡುತ್ತಿದ್ದೀಯೋ, ಮಾಡಿದೆ ಎಂದು ಹೇಳುತ್ತಿದ್ದೀಯೋ?

ನೀನು ಮೊದಲು ಕೇಳಿದ್ದಕ್ಕೆ ಮೊದಲು ಉತ್ತರ. ಹೌದು, ತಗಡು ಮಾಮ ಎದ್ದು ನಿಂತಿದ್ದಾನೆ. ನಮ್ಮ ಹಾಲ್‌ನಲ್ಲಿ, ಕಿಟಕಿಗೆ ಬೆನ್ನು ಮಾಡಿಕೊಂಡು, ಸಿನಿಮಾದಲ್ಲಿ ಇದ್ದ ಹಾಗೆಯೇ ಸ್ವಲ್ಪ ಬಲಕ್ಕೆ ವಾಲಿಕೊಂಡು. ಬೆಳಿಗ್ಗೆ ಎದ್ದು ಬಂದವಳು ಈಗಲೂ ಒಂದು ಗಳಿಗೆ ಬೆಚ್ಚಿಬೀಳುತ್ತೇನೆ.

ಟಾಕೀಸಿನ ಯಜಮಾನರು ಮಾತಿಗೆ ತಪ್ಪಿಲ್ಲ. ಬಾಗಿಲು ಮುಚ್ಚುವ ಮೊದಲು, ಇದೇ ಇಪ್ಪತ್ತೈದಕ್ಕೆ, ಕೊನೆಯ ಆಟವಾಗಿ ಆ ಹಳೆಯ ಸಿನಿಮಾವನ್ನೇ ಹಾಕುತ್ತಾರೆ. ಟಿಕೆಟ್ ಕಿಂಡಿಯ ಪಕ್ಕ ತಗಡು ಮಾಮನನ್ನು ನಿಲ್ಲಿಸಿ, "ಈ ರೋಬೋಟಿನ ಒಳಗಿದ್ದವರು" ಎಂದು ಬರೆದು ಕೆಳಗೆ ಅಪ್ಪನ ಹೆಸರು ಹಾಕಿದ ಬೋರ್ಡು ಇಡುತ್ತಾರೆ. ಸ್ಟುಡಿಯೋದಲ್ಲಿ ಲೈಟ್ ಹಿಡಿಯುವವರ ಹೆಸರು ಪರದೆಯ ಮೇಲೆ ಯಾಕೆ ಬೇಕು ಎಂದು ಆಗ ಬಿಟ್ಟುಬಿಟ್ಟರು. ಆ ಡಬ್ಬದೊಳಗೆ ಹಿಡಿಸುವಷ್ಟು ಸಣ್ಣಗಿದ್ದರು ಎಂಬುದೊಂದೇ ಅಪ್ಪನ ಅರ್ಹತೆ. ಶಾಲೆಯಲ್ಲಿ "ಅದು ನಮ್ಮಪ್ಪ" ಎಂದು ಹೇಳಿ ನಾವಿಬ್ಬರೂ ಸುಳ್ಳರ ಪಟ್ಟ ಕಟ್ಟಿಸಿಕೊಂಡದ್ದು ನೆನಪಿದೆಯಲ್ಲ? ನಲವತ್ತೊಂದು ವರ್ಷವಾದರೂ ನನಗೆ ಆ ಉರಿ ಆರಿಲ್ಲ. ಈ ವಯಸ್ಸಿನಲ್ಲಿ ತಗಡು ಕತ್ತರಿಸಲು ಕೂತದ್ದು ಆ ಒಂದು ಬೋರ್ಡಿಗಾಗಿ.

ಸ್ಕ್ರೂ ತಿರುಗಿಸಲು ಬರುತ್ತದೆ ಎಂಬುದು ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ. ಸಿನಿಮಾವನ್ನು ಟೀವಿಯಲ್ಲಿ ಹಾಕಿ, ನಿಲ್ಲಿಸಿ ನಿಲ್ಲಿಸಿ, ಗಾಜಿಗೆ ಸ್ಕೇಲ್ ಹಿಡಿದು ಅಳೆದೆ. ಆದರೆ ಅಲ್ಲಿನ ಒಂದು ಅಂಗುಲ ನಿಜದಲ್ಲಿ ಎಷ್ಟು? ಮೂರು ದಿನ ತಲೆ ಕೆರೆದುಕೊಂಡು, ಕೊನೆಗೆ ಬೀರುವಿನಿಂದ ಅಪ್ಪನ ನೀಲಿ ಅಂಗಿ ತೆಗೆದೆ. ಭುಜದಿಂದ ಭುಜಕ್ಕೆ ಹದಿನಾರೂವರೆ ಅಂಗುಲ. ಆ ಭುಜ ಒಳಗೆ ಹಿಡಿಸಬೇಕಲ್ಲ, ಅಲ್ಲಿಂದ ಲೆಕ್ಕ ಶುರು ಮಾಡಿದೆ. ಅಂಗಿಯನ್ನು ಅಷ್ಟು ದಿನ ಕುರ್ಚಿಗೆ ತೊಡಿಸಿ ಇಟ್ಟುಕೊಂಡಿದ್ದೆ, ಜೊತೆಗೆ ಒಬ್ಬರು ಇದ್ದ ಹಾಗಿತ್ತು.

ಮೊದಲು ರಟ್ಟು, ಆಮೇಲೆ ಪ್ಲೈವುಡ್, ಅದರ ಮೇಲೆ ತಗಡು. ತಲೆಗೆ ಅಡುಗೆಮನೆಯ ದೊಡ್ಡ ಸ್ಟೀಲ್ ಜರಡಿ, ತೋಳಿಗೆ ವಾಷಿಂಗ್ ಮೆಷಿನ್ನಿನ ಪೈಪು. ಎದೆಯ ಪೆಟ್ಟಿಗೆಯನ್ನು ಮಲಗುವ ಕೋಣೆಯಲ್ಲಿ ಕೂತು ಮಾಡಿದೆ, ಮುಗಿದ ಮೇಲೆ ಅದು ಬಾಗಿಲಲ್ಲಿ ಹಿಡಿಸುವುದಿಲ್ಲ ಎಂದು ತಿಳಿಯಿತು! ಪೂರ್ತಿ ಬಿಚ್ಚಿ ಹಾಲ್‌ನಲ್ಲಿ ಮತ್ತೆ ಕೂಡಿಸಿದೆ. ಬಾಯಿಯ ಅಂಚಿಗೆ ನಮ್ಮ ಲ್ಯಾಬಿನಲ್ಲಿ ಒಸಡು ಮಾಡುವ ಗುಲಾಬಿ ಪುಡಿಯನ್ನೇ ಕಲಸಿ ಹಚ್ಚಿದೆ. ನೋಡಲು ಬಂದ ನಮ್ಮ ಡಾಕ್ಟರಮ್ಮ, "ಹಲ್ಲು ಒಂದೂ ಇಲ್ಲ, ಆದ್ರೆ ಒಸಡು ಎಷ್ಟು ಚೆನ್ನಾಗಿ ಇಟ್ಕೊಂಡಿದಾನ್ರೀ!" ಎಂದರು.

ಬಲಗೈಗೆ ಗುಜರಿ ಅಂಗಡಿಯಿಂದ ಕಾರಿನ ವೈಪರ್ ಮೋಟರ್ ತಂದು ಹಾಕಿದೆ. ಮೊದಲ ಸಲ ತಂತಿ ತಪ್ಪಾಗಿ ಕೊಟ್ಟೆ, ಮಾಮ ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡ. ಎರಡನೇ ಸಲ ಎದೆ ಬಡಿದ, ಥೇಟ್ ಸಿನಿಮಾದ ಹಾಗೆ, ಸಂಜೆ ಮನೆಗೆ ಬಂದ ಅಪ್ಪ ಬಾಗಿಲಲ್ಲಿ ನಿಂತು ನಮಗಾಗಿ ಬಡಿಯುತ್ತಿದ್ದ ಹಾಗೆ: ಟಕ್ ಟಕ್. ಆದರೆ ಎರಡಕ್ಕೆ ನಿಲ್ಲಲಿಲ್ಲ. ಎರಡು, ಮತ್ತೆ ಎರಡು, ಮತ್ತೆ ಎರಡು. ಪ್ಲಗ್ ಕಿತ್ತ ಮೇಲೆಯೇ ನಿಂತದ್ದು. ಅವತ್ತು ನಾನು ಒಬ್ಬಳೇ ಕೂತು ಬಿದ್ದು ಬಿದ್ದು ನಕ್ಕೆ.

ಈಗ ಮೋಟರ್ ಕೆಟ್ಟಿದೆ. ಬಲಗೈ ಸುಮ್ಮನೆ ಜೋತುಬಿದ್ದಿದೆ. ಯಜಮಾನರು ದಿನ ಬಿಟ್ಟು ದಿನ ಫೋನು ಮಾಡಿ, "ಕೈ ಬಡೀಲೇಬೇಕಮ್ಮ, ಜನ ಬರೋದೇ ಅದಕ್ಕೆ" ಎನ್ನುತ್ತಾರೆ. ನೋಡೋಣ ಎಂದಿದ್ದೇನೆ.

ನಿನಗೆ ಸ್ಟುಡಿಯೋದ ಬಡಗಿ ತಾತ ನೆನಪಿರಬೇಕು, ಮೂಲ ತಗಡು ಮಾಮನನ್ನು ಮಾಡಿದವರು. ಕೈ ಕೂಡಿಸಿದ ಮೇಲೆ, ಎದೆಗೆ ಮರ ಹಾಕಿದ್ದಿರೋ ಬರೀ ತಗಡೋ ಎಂದು ಕೇಳಲು ಅವರ ಮನೆಗೆ ಹೋಗಿದ್ದೆ. ತೊಂಬತ್ತು ದಾಟಿದೆ, ಕಣ್ಣು ಮಂಜು, ಕೈ ಮಾತ್ರ ಇನ್ನೂ ಮೇಜಿನ ಅಂಚನ್ನು ಸವರಿ ನೋಡುತ್ತಿರುತ್ತದೆ. ನನ್ನ ಫೋಟೋಗಳನ್ನು ಮೂಗಿಗೆ ಹಿಡಿದು ನೋಡಿ, "ನಂದಕ್ಕಿಂತ ಗಟ್ಟಿಯಾಗಿದೆ ಮಗಳೇ" ಎಂದರು. ತುಂಬಾ ಹೊತ್ತು ಅಪ್ಪನ ವಿಷಯ ಮಾತಾಡಿದರು. ಅಲ್ಲಿಂದ ಬಂದು ಒಂದು ಕೆಲಸ ಮಾಡಿದೆ: ಬೆನ್ನಿನ ಬಾಗಿಲಿಗೆ ಒಳಗಿನಿಂದ ತೆಗೆಯುವ ಚಿಲಕ ಹಾಕಿದೆ. ಮೂಲದಲ್ಲಿ ಚಿಲಕ ಹೊರಗಿತ್ತು. ಡಾಕ್ಟರಮ್ಮ ಅದನ್ನೂ ನೋಡಿ, "ಒಳಗೆ ಯಾರೂ ಇರಲ್ಲ, ಯಾರಿಗ್ರೀ ಈ ಚಿಲಕ?" ಎಂದು ನಕ್ಕರು. ಇರಲಿ ಬಿಡಿ ಎಂದೆ.

ಮೊಮ್ಮಗಳು ದಿನವೂ ಎದೆ ಬಡಿದು ಅಭ್ಯಾಸ ಮಾಡುತ್ತಿದ್ದಾಳೆ, ತಗಡು ಮಾಮನಿಗೆ ಉತ್ತರ ಕೊಡಬೇಕಂತೆ, ಎಂದು ಬರೆದಿದ್ದೀಯ. "ಅಪ್ಪ ಕೊನೆಗೂ ನಿನ್ನನ್ನು ನಗಿಸಿಯೇ ಹೋದರಲ್ಲ, ಅದನ್ನು ಎಲ್ಲರಿಗೂ ಹೇಳುತ್ತೇನೆ, ನನಗೆ ಅದೊಂದೇ ಸಮಾಧಾನ" ಎಂದೂ ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಇಪ್ಪತ್ತೈದಕ್ಕೆ ಎಲ್ಲರೂ ಬನ್ನಿ. ಅತ್ತಿಗೆಗೆ ನಮಸ್ಕಾರ. ಪುಟ್ಟಿಗೆ ನನ್ನ ಮುತ್ತು. ಅವಳ ಹಾಲುಹಲ್ಲು ಬಿದ್ದರೆ ಎಸೆಯಬೇಡಿ, ನನಗೆ ತೋರಿಸಿ. ದೊಡ್ಡವನಾಗಿ ನನ್ನನ್ನು ಹರಸು ಅಣ್ಣ, ಈ ಸಲ ನಿಜವಾಗಿಯೂ ಬೇಕಾಗಿದೆ.

ನಿನ್ನ ತಂಗಿ,
ಮೊಂಡಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ, ಹರಿದಿರುವುದು ಅದಕ್ಕೆ.

ಮೋಟರ್ ಕೆಟ್ಟಿಲ್ಲ ಅಣ್ಣ. ನಾನೇ ಪ್ಲಗ್ ಹಾಕುತ್ತಿಲ್ಲ.

ಬಡಗಿ ತಾತನಿಗೆ ಕೈಯ ಕತೆ ಹೇಳಿ, ನಿಲ್ಲದೆ ಬಡಿದದ್ದನ್ನೂ ಹೇಳಿ ನಕ್ಕೆ. ಅವರು ನಗಲಿಲ್ಲ. "ಅದು ನಟನೆ ಅಲ್ಲಮ್ಮ" ಎಂದರು. "ಒಳಗೆ ಗಾಳಿ ಇರ್ತಿರಲಿಲ್ಲ. ಕೂಗಿದ್ರೆ ಹೊರಗೆ ಕೇಳಿಸ್ತಿರಲಿಲ್ಲ. ಉಸಿರು ಕಟ್ಟಿದ್ರೆ ಎದೆ ಬಡಿ, ಬಂದು ಚಿಲಕ ತೆಗೀತೀವಿ ಅಂತ ನಾನೇ ಹೇಳಿಕೊಟ್ಟಿದ್ದೆ. ಡೈರೆಕ್ಟರ್ ನೋಡಿ, ಮಕ್ಕಳಿಗೆ ಪ್ರೀತಿ ತೋರಿಸೋ ಹಾಗಿದೆ, ಇಟ್ಕೊಳ್ಳಿ ಅಂದ್ರು. ಆಮೇಲೆ ನಟನೆ ಯಾವುದು, ನಿಜ ಯಾವುದು ನಮಗೂ ಗೊತ್ತಾಗದೆ, ಒಂದ್ಸಲ ತೆಗೆಯೋದು ತಡ ಆಗಿ ನಿಮ್ಮಪ್ಪ ಒಳಗೇ ಬಿದ್ದುಬಿಟ್ಟಿದ್ದ. ಅವತ್ತಿಂದ ಎರಡು ಬಡಿದು ನಿಲ್ಲಿಸಿದ್ರೆ ಸಿನಿಮಾ, ನಿಲ್ಲಿಸಿ ಮತ್ತೆ ಎರಡು ಬಡಿದ್ರೆ ಓಡಿ ಬನ್ನಿ ಅಂತ ಮಾಡ್ಕೊಂಡ್ವಿ. ನಿಮಗೆ ಹೇಳಬೇಡ ಅಂದಿದ್ದ. ಮಕ್ಕಳು ಆಟ ಅಂದ್ಕೊಂಡಿದಾವೆ, ಆಡ್ಲಿ ಅಂದ."

ಅಪ್ಪ ನಗಿಸುತ್ತಾ ಹೋದರು ಎಂದು ನಿನಗೆ ಹೇಳಿದವಳು ನಾನೇ. ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಬಾಯಿಗೆ ಮಾಸ್ಕ್ ಇತ್ತು, ಮಾತಾಡಲು ಆಗುತ್ತಿರಲಿಲ್ಲ. ನನ್ನನ್ನೇ ನೋಡುತ್ತಾ ಎದೆಗೆ ಎರಡು ಸಲ ಬಡಿದರು. ನಾನು ನಕ್ಕು, ನನ್ನ ಎದೆಗೆ ಎರಡು ಸಲ ಬಡಿದುಕೊಂಡೆ. ಅವರು ನಿಲ್ಲಿಸಿ ಮತ್ತೆ ಎರಡು ಬಡಿದರು. ನಾನೂ ಮತ್ತೆ ಎರಡು ಬಡಿದೆ. "ಸಾಕು ಮಾಮ, ಶೂಟಿಂಗ್ ಮುಗೀತು, ಮಲಗಿ" ಎಂದು ಅವರ ಕೈಯನ್ನು ನಾನೇ ಹಿಡಿದು, ಹೊದಿಕೆಯ ಒಳಗೆ ಇಟ್ಟೆ. ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಯಾರನ್ನಾದರೂ ಕರೆದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಯಾವ ಡಾಕ್ಟರನ್ನೂ ಕೇಳಿಲ್ಲ. ಕೇಳಲು ಧೈರ್ಯವಿಲ್ಲ. ನಿನ್ನ ಸಮಾಧಾನವನ್ನೂ ಕಿತ್ತುಕೊಂಡೆ, ಕ್ಷಮಿಸು. ಇದನ್ನು ಓದಿದ ಮೇಲೂ ಬರುವೆಯಾದರೆ, ಕೈ ಬಡಿಯಬೇಕೋ ಬೇಡವೋ ನೀನೇ ಹೇಳು. ನನ್ನಿಂದ ತೀರ್ಮಾನ ಮಾಡಲು ಆಗುತ್ತಿಲ್ಲ.

ಪುಟ್ಟಿ ಒಳಗೆ ಹೋಗಿ ನಿಲ್ಲುತ್ತೇನೆ ಎಂದರೆ ಬೇಡ ಎನ್ನಬೇಡ. ಅಪ್ಪನ ಅಂಗಿ ಹಾಕಿಕೊಂಡು ನಾನೇ ಒಳಗೆ ನಿಂತು, ಬಾಗಿಲು ಹಾಕಿಕೊಂಡು ನೋಡಿದ್ದೇನೆ. ಚಿಲಕಕ್ಕೆ ಒಂದು ಬೆರಳು ತಾಗಿಸಿದರೆ ಸಾಕು, ತೆರೆದುಕೊಳ್ಳುತ್ತದೆ.