ಅರವತ್ತಮೂರನೇ ಪುಟದ ಏಣಿ

ಮಾರ್ಚ್ ೧೧, ಮಂಗಳವಾರ
ಪ್ರೆಸ್ಸಿನಿಂದ, ಊಟದ ಬಿಡುವಿನಲ್ಲಿ

ಗಿಣಿಗೆ,

ನಾನು ಕ್ಷೇಮ. ನೀನೂ ಕ್ಷೇಮವಾಗಿದ್ದೀಯೆಂದು ಗೊತ್ತು. ಆವತ್ತು ಸಭೆಯಲ್ಲಿ ಕಣ್ಣಾರೆ ಕಂಡೆನಲ್ಲ. ನಿನ್ನ ಎರಡು ಕಾಗದಗಳಿಗೆ ಮೂರು ವಾರ ಉತ್ತರ ಬರೆಯದೆ ಇದ್ದದ್ದಕ್ಕೆ ಕ್ಷಮಿಸು ಎಂದು ಬರೆಯುವುದು ಪದ್ಧತಿ. ಬರೆದಿದ್ದೇನೆ, ಅಷ್ಟೇ. ಸಿಟ್ಟು ಆರಲಿ ಎಂದು ಕಾದೆ. ಆರಲಿಲ್ಲ, ಹೆಪ್ಪುಗಟ್ಟಿತು.

ನಾನು ಕರಡು ತಿದ್ದುವ ಪ್ರೆಸ್ಸಿಗೇ ನಿನ್ನ ಕಾದಂಬರಿ ಅಚ್ಚಿಗೆ ಬಂದಿದೆ. ಪ್ರಕಾಶಕರು ಇಲ್ಲಿಗೆ ಕಳಿಸುತ್ತಾರೆಂದು ನಿನಗೆ ತಿಳಿದಿರಲಿಲ್ಲವೆಂದು ಕಾಣುತ್ತದೆ. ಪ್ರೆಸ್ಸಿನ ಮಾಲೀಕರು ಕಟ್ಟನ್ನು ತಂದು ನನ್ನ ಮೇಜಿನ ಮೇಲಿಟ್ಟು, "ನಿಮ್ಮ ಗೆಳತಿ ಬರೆದಿದ್ದಂತಲ್ಲಮ್ಮ? ನೀವೇ ನೋಡಿ. ನಿಮ್ಮ ಕಣ್ಣಿಗೆ ಬಿದ್ರೆ ಒಂದು ತಪ್ಪೂ ಉಳಿಯಲ್ಲ" ಎಂದರು. ಹಿಗ್ಗಿಹೋದೆ. ಮಾಡುತ್ತಿದ್ದ ಕೆಲಸ ಬದಿಗಿಟ್ಟು ನಿನ್ನದನ್ನು ಎತ್ತಿಕೊಂಡೆ.

ಐವತ್ತೆಂಟನೇ ಪುಟದಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವವನೊಬ್ಬ ಬಂದ. ನನ್ನವರ ಹಾಗೇ ಇದ್ದಾನಲ್ಲ ಎಂದು ನಗುತ್ತ ಓದಿದೆ. ಅರವತ್ತನೇ ಪುಟದಲ್ಲಿ ಅವನಿಗೆ ಲಕ್ವ ಹೊಡೆಯಿತು. ಅರವತ್ತಮೂರಕ್ಕೆ ಬರುವಷ್ಟರಲ್ಲಿ ಅವನ ಬಾಯಲ್ಲಿ ಒಂದೇ ಒಂದು ಮಾತು ಉಳಿದಿತ್ತು: ಏಣಿ. ನೀರಿಗೂ ಏಣಿ, ಹಸಿವಿಗೂ ಏಣಿ, ಹೆಂಡತಿಗೂ ಏಣಿ.

ನನ್ನ ಕೆಂಪು ಪೆನ್ನು ಅಲ್ಲೇ ನಿಂತಿತು. ನನ್ನವರು ಲಕ್ವ ಹೊಡೆದು ಮಲಗಿದ್ದಾಗ ದಿನ ಬಿಟ್ಟು ದಿನ ನಿನಗೆ ಬರೆಯುತ್ತಿದ್ದೆನಲ್ಲ, ಆ ಕಾಗದಗಳಲ್ಲೊಂದು ಇದು. "ಏನೋ ಹೋಲಿಕೆ ಬಂದಿರ್ಬೇಕು ಕಣೇ" ಎಂದು ನೀನು ಜಾರಿಕೊಳ್ಳಬಾರದೆಂದು ಸಾಕ್ಷಿಯನ್ನೂ ಹೇಳಿಬಿಡುತ್ತೇನೆ. ಆಗ ನನಗೆ ಈ ಕೆಲಸ ಇರಲಿಲ್ಲ; ಅವಸರದಲ್ಲಿ 'ಹಾಸಿಗೆ' ಬರೆಯಲು ಹೋಗಿ 'ಆಸಿಗೆ' ಎಂದು ಬರೆಯುತ್ತಿದ್ದೆ. ನಿನ್ನ ಪುಸ್ತಕದಲ್ಲಿ ಹನ್ನೆರಡು ಕಡೆ ಹಾಸಿಗೆ ಇದೆ. ಅರವತ್ತಮೂರನೇ ಪುಟದಲ್ಲಿ ಮಾತ್ರ ಆಸಿಗೆ. ಕದ್ದ ಬಟ್ಟೆಯನ್ನು ಒಗೆದಾದರೂ ಉಟ್ಟುಕೊಳ್ಳಬಾರದಿತ್ತೇ?

ಹೋಗಲಿ, ಕದ್ದೆ. ಆ ಏಣಿಗೆ ನೀನು ಮಾಡಿದ್ದೇನು? ನಿನ್ನ ಬೋರ್ಡು ಬರೆಯುವವನು ಕಿಟಕಿಯಾಚೆಯ ಮೋಡ ನೋಡುತ್ತ "ಏಣಿ" ಅನ್ನುತ್ತಾನೆ. ಇವನು ಸ್ವರ್ಗಕ್ಕೆ ಮೆಟ್ಟಿಲು ಹುಡುಕುತ್ತಿದ್ದಾನೆಂದು ಹೆಂಡತಿ ಕೈಮುಗಿಯುತ್ತಾಳೆ. ನನ್ನವರು ಕೇಳಿದ್ದು ಉಚ್ಚೆಯ ಪಾತ್ರೆಯನ್ನು, ಗಿಣಿ. ನಾನು ನೀರು ತಂದೆ, ಹೊದಿಕೆ ತಂದೆ, ರೇಡಿಯೋ ಹಾಕಿದೆ. ಅಷ್ಟರಲ್ಲಿ ಎಲ್ಲ ಒದ್ದೆಯಾಗಿತ್ತು. "ಏಣಿ! ಏಣಿ!" ಎಂದು ನನ್ನನ್ನು ಬಯ್ದರು. ನಾನೂ ಕೂಗಿದೆ: "ಏಣಿ ಅಂದ್ರೆ ನಂಗೆ ಹೇಗ್ರೀ ಗೊತ್ತಾಗ್ಬೇಕು? ನಾನೇನು ದೇವರಾ?" ಅವರು ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು. ಇದನ್ನೂ ನಿನಗೆ ಬರೆದಿದ್ದೆ. ಇದನ್ನು ನೀನು ಬಿಟ್ಟುಬಿಟ್ಟೆ. ತಿರುಳನ್ನು ಬಿಸಾಡಿ ಸಿಪ್ಪೆಗೆ ಬಣ್ಣ ಹಚ್ಚಿದೆ.

ನಿನ್ನ ಬಾಯಿಂದಲೇ ಕೇಳಿಬಿಡೋಣ ಎಂದು ಕಾಲೇಜಿನ ಸಭೆಗೆ ಬಂದೆ. ಹಿಂದಿನ ಸಾಲಿನಲ್ಲಿ ಕುಳಿತೆ. ಕನ್ನಡಕದ ಹುಡುಗಿಯೊಬ್ಬಳು ಎದ್ದುನಿಂತು, "ಮೇಡಂ, ಬರೀಬೇಕು ಅಂತ ಆಸೆ ಇದೆ. ಏನು ಬರೀಬೇಕು ಅಂತಾನೇ ಹೊಳೆಯಲ್ಲ. ನಿಮಗೆ ಎಲ್ಲಿಂದ ಹೊಳೆಯುತ್ತೆ?" ಎಂದು ಕೇಳಿದಳು. ನೀನು ಮುಗುಳ್ನಕ್ಕು, "ಬೇರೆಯವರದನ್ನ ಓದಮ್ಮ. ಅವರು ನಿಲ್ಲಿಸಿದ ಕಡೆಯಿಂದ ನೀನು ಶುರು ಮಾಡು" ಎಂದೆ. ಸಭೆಯೆಲ್ಲ ಚಪ್ಪಾಳೆ. ಮಾತೇನೋ ಸುಳ್ಳಲ್ಲ. ಹಿಂದೊಮ್ಮೆ ಯಾರೋ ಬರೆದ ಅಗಸಗಿತ್ತಿಯ ಕಥೆಯೊಂದರ ಕರಡು ತಿದ್ದುತ್ತಿದ್ದಾಗ ನನಗೆ ನಮ್ಮತ್ತೆಯ ಬಿರಿದ ಅಂಗೈ ನೆನಪಾಗಿ, ಆ ಅಂಗೈ ಬಗ್ಗೆ ನಾಲ್ಕು ಸಾಲು ಬರೆದಿಟ್ಟೆ. ಅದರಲ್ಲಿ ಅಗಸಗಿತ್ತಿಯೂ ಇರಲಿಲ್ಲ, ಅವಳ ಬಟ್ಟೆಯೂ ಇರಲಿಲ್ಲ. ಓದು ಕೊಡುವುದು ಅದನ್ನು. ನೀನು ಓದಿದ್ದು ನನ್ನ ಪುಸ್ತಕವನ್ನಲ್ಲ, ನನ್ನ ಮನೆಯ ಒಳಕೋಣೆಯನ್ನು. ನಾನು ಎಲ್ಲೂ ನಿಲ್ಲಿಸಿರಲಿಲ್ಲ, ಇನ್ನೂ ಅನುಭವಿಸುತ್ತಿದ್ದೆ.

ಸಭೆ ಮುಗಿದ ಮೇಲೆ ನನ್ನನ್ನು ತಬ್ಬಿಕೊಂಡು ಪ್ರಿನ್ಸಿಪಾಲರಿಗೆ, "ನಾನು ಬರೆದಿದ್ದನ್ನ ಮೊದಲು ಓದೋಳು ಇವಳೇ ಸರ್" ಎಂದೆ. ವರಾಂಡದಲ್ಲಿ ನಿನ್ನನ್ನು ಪಕ್ಕಕ್ಕೆ ಕರೆದು, "ಏಣಿ ಎಲ್ಲಿಂದ ಬಂತು?" ಎಂದು ಕೇಳಿದೆ.

"ಓದಿದ್ದೆಲ್ಲ ಒಳಗಿಳಿದುಬಿಡುತ್ತೆ ಕಣೇ ಮೊದ್ದು. ಯಾವ್ದು ಯಾರ್ದು ಅಂತ ಆಮೇಲೆ ಎಲ್ಲಿ ನೆನಪಿರುತ್ತೆ?"

"ನನ್ನವರದು ಅಂತಾನೂ ನೆನಪಿರಲಿಲ್ವಾ?"

ನಿನ್ನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆಮೇಲೆ ಸೆರಗು ಸರಿಮಾಡಿಕೊಂಡು, "ಅವರು ಹೋಗಿ ನಾಲ್ಕು ವರ್ಷ ಆಯ್ತು. ನೀನಂತೂ ಬರೆಯೋಳಲ್ಲ. ಸುಮ್ನೆ ಹಾಳಾಗ್ತಿತ್ತು, ನಾನು ಉಳಿಸಿದೆ" ಎಂದೆ. ಯಾರೋ ಫೋಟೋಗೆ ಕರೆದರು, ನೀನು ಹೋದೆ.

ನೀನಂತೂ ಬರೆಯೋಳಲ್ಲ. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅದನ್ನೇ ಅಗಿದೆ. ಮಾರನೇ ದಿನ ಊಟದ ಬಿಡುವಿನಲ್ಲಿ ರದ್ದಿ ಕರಡುಗಳ ಹಿಂಬದಿಯಲ್ಲಿ ಬರೆಯಲು ಕುಳಿತೆ. ನಿನ್ನ ಉಪದೇಶವನ್ನು ಅಕ್ಷರಶಃ ಪಾಲಿಸಿದೆ: ನಿನ್ನ ಪುಟಗಳನ್ನು ಎದುರಿಗಿಟ್ಟುಕೊಂಡು, ನೀನು ಎಲ್ಲೆಲ್ಲಿ ಸುಳ್ಳು ಹೇಳಿದ್ದೀಯೋ ಅಲ್ಲಲ್ಲಿಂದ ಶುರು ಮಾಡಿದೆ. ಒಂಬತ್ತು ದಿನಕ್ಕೆ ಮುಗಿಯಿತು. ಟೈಪ್ ಮಾಡಿಕೊಟ್ಟ ನಮ್ಮ ಕಂಪ್ಯೂಟರಿನ ಹುಡುಗಿ ನಡುವೆ ಕೈ ನಿಲ್ಲಿಸಿ, "ಅಕ್ಕಾ, ನಮ್ಮಪ್ಪಂಗೂ ಹೀಗೇ ಆಗಿತ್ತು. ನಾನೂ ಕೂಗಾಡಿದ್ದೆ. ಯಾರ ಹತ್ರಾನೂ ಹೇಳಿಲ್ಲ" ಎಂದಳು. ನಿನ್ನ ಚಪ್ಪಾಳೆಗಳೆಲ್ಲ ನಿನಗಿರಲಿ. ನನಗೆ ಇಷ್ಟು ಸಾಕು.

ನಮ್ಮಲ್ಲೇ ಅಚ್ಚಾಗುವ ಮಾಸಪತ್ರಿಕೆಯ ಸಂಪಾದಕರು ಅದನ್ನು ಒಪ್ಪಿಕೊಂಡಿದ್ದಾರೆ. ಮುಂದಿನ ತಿಂಗಳ ಸಂಚಿಕೆಯಲ್ಲಿ ಬರುತ್ತದೆ. ನಿನ್ನ ಪುಸ್ತಕ ಅದಾದ ತಿಂಗಳು. ಎರಡನ್ನೂ ಓದಿದವರು ಯಾರು ಯಾರಿಂದ ಎತ್ತಿದರು ಎಂದು ಮಾತಾಡಿಕೊಂಡರೆ ಅದನ್ನು ಅಪವಾದ ಅನ್ನಬೇಡ. ಐವತ್ತೆಂಟರಿಂದ ಎಪ್ಪತ್ತನಾಲ್ಕರವರೆಗೆ ಕಿತ್ತುಹಾಕಿ ನಿನ್ನದೇ ಏನಾದರೂ ಬರೆದುಕೊಡು. ಮಾಲೀಕರಿಗೆ ಎಲ್ಲ ಹೇಳಿದ್ದೇನೆ. ಶನಿವಾರದವರೆಗೆ ನಿನ್ನ ಪುಸ್ತಕವನ್ನು ಅಚ್ಚಿನ ಮೆಷಿನ್ನಿಗೆ ಹತ್ತಿಸುವುದಿಲ್ಲ. ಉಳಿದ ಪುಟಗಳನ್ನು ಒಪ್ಪವಾಗಿ ತಿದ್ದಿದ್ದೇನೆ. ನಿನ್ನ ಮೇಲಿನ ಸಿಟ್ಟನ್ನು ಕೆಲಸದ ಮೇಲೆ ತೀರಿಸಿಕೊಳ್ಳುವವಳಲ್ಲ ನಾನು.

ಬಾಯಿಪಾಠ ಒಪ್ಪಿಸುವುದರಲ್ಲಿ ನಿನ್ನನ್ನು ಬಿಟ್ಟರಿಲ್ಲ ಎಂದು ಟೀಚರ್ ನಿನಗೆ ಗಿಣಿ ಎಂದು ಹೆಸರಿಟ್ಟಾಗ ಹೊಟ್ಟೆಕಿಚ್ಚು ಪಟ್ಟಿದ್ದೆ. ಈಗಿಲ್ಲ. ನಿನ್ನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಮಗುವಿಗೆ ನನ್ನ ಆಶೀರ್ವಾದ. ನಿನಗೂ ದೇವರು ಆಯುಸ್ಸು ಕೊಡಲಿ, ನನ್ನ ಕಥೆ ಓದುವವರೆಗಾದರೂ.

ಇಂತಿ,
ನೀನು ಮೊದ್ದು ಎಂದು ಕರೆಯುತ್ತಿದ್ದವಳು

ಮರೆತಿದ್ದೆ: ತೊಂಬತ್ತೊಂದನೇ ಪುಟವನ್ನು ತೆಗೆಯಬೇಡ, ಇರಲಿ. ನನ್ನವರಿಗೆ ಎರಡನೇ ಸಲ ಲಕ್ವ ಹೊಡೆದಾಗ ನಾನು ಬರೆದ ಕಾಗದ ಅಲ್ಲಿ ಹಾಗೇ ಇದೆ. "ಒಂದೇ ಒಂದು ದಿನದ ಮಟ್ಟಿಗೆ ಬಾರೇ, ಒಬ್ಬಳೇ ಇರೋಕೆ ಹೆದರಿಕೆ ಆಗ್ತಿದೆ" ಎಂದು ಬರೆದದ್ದು. ನಾನು ಹನ್ನೊಂದು ದಿನ ಬಾಗಿಲು ನೋಡಿದೆ. ಎಲ್ಲ ಮುಗಿದ ಮೇಲೆ ನೀನು ಬಂದು ನನ್ನ ಕೈ ಹಿಡಿದುಕೊಂಡು, "ಆ ಕಾಗದ ನನ್ನ ಕೈ ಸೇರಲೇ ಇಲ್ಲ ಕಣೇ, ಸೇರಿದ್ರೆ ಬರದೇ ಇರ್ತಿದ್ನಾ?" ಎಂದು ಅತ್ತೆ. ನಂಬಿದೆ. ನಾನು ಆ ಕಾಗದ ಕೊಟ್ಟು ಕಳಿಸಿದ್ದ ನಮ್ಮ ಬೀದಿಯ ಅಂಚೆಯವನೇ ಕಳೆದಿರಬೇಕೆಂದು ನಾಲ್ಕು ವರ್ಷ ಅವನ ಜೊತೆ ಮಾತು ಬಿಟ್ಟಿದ್ದೆ. ನಿನ್ನೆ ಅವನನ್ನು ಬಾಗಿಲಲ್ಲಿ ನಿಲ್ಲಿಸಿ ತಪ್ಪಾಯಿತೆಂದು ಕೇಳಿಕೊಂಡೆ. ಯಾತಕ್ಕೆಂದು ಪಾಪ ಅವನಿಗೆ ತಿಳಿಯಲಿಲ್ಲ.