ಶಾಲು ಹೊದ್ದವರ ಕೋವಿ

ಕೋವಿ ಪರವಾನಗಿಯ ಮೇಲಧಿಕಾರಿಗಳಾದ ಮಾನ್ಯರೇ,

ಶಿರ್ತಾಡಿಯ ಮಾಜಿ ಹವಾಲ್ದಾರ್ ಚಿನ್ನಯ್ಯನವರ ಕೋವಿಯನ್ನು ತಾವು ಇನ್ನೂ ಹಿಂದಿರುಗಿಸಿಲ್ಲ. ಚುನಾವಣೆ ಘೋಷಣೆಯಾದೊಡನೆ ಊರಿನ ಕೋವಿಗಳೆಲ್ಲ ಠಾಣೆಯಲ್ಲಿ ಠೇವಣಿಯಾಗುವುದೂ ಫಲಿತಾಂಶ ಬಂದ ಮೇಲೆ ಮನೆಗೆ ಮರಳುವುದೂ ನಮ್ಮಲ್ಲಿ ರೂಢಿ. ಈ ಬಾರಿ ಸರಕಾರ ಬದಲಾಯಿತು. ಬೆಳೆ ಕಾಯಲು ಹಂದಿ ಓಡಿಸುವವರ ಕೋವಿಗಳು ಮರಳಿದವು, ಮಂಗ ಓಡಿಸುವವರವೂ ಮರಳಿದವು. ಉಳಿದವು ಮೂರು, ಮೂರೂ ಮಾಜಿ ಸೈನಿಕರವು. ಕಾರಣ ಕೇಳಿದರೆ ತಮ್ಮ ಕಚೇರಿಯ ಉತ್ತರ: ‘ಸಾರ್ವಜನಿಕ ಶಾಂತಿಯ ಹಿತದೃಷ್ಟಿಯಿಂದ ಪರಿಶೀಲನೆಯಲ್ಲಿದೆ.’ ಯಾರು ಪರಿಶೀಲಿಸುತ್ತಿದ್ದಾರೆ, ಏನನ್ನು, ಎಂಬುದರ ಬಗ್ಗೆ ಬಾಯಿಯೇ ಬಿಡದ ಈ ವಾಕ್ಯದ ಸಂಯಮವನ್ನು ಮೆಚ್ಚಿಕೊಂಡೆ.

ಈ ಮೂವರ ಅಪರಾಧವೇನೆಂದು ನಾನೇ ತಿಳಿಸುತ್ತೇನೆ, ಪರಿಶೀಲನೆಗೆ ನೆರವಾದೀತು. ಚುನಾವಣೆಗೆ ಮುನ್ನ ಮೂಡುಬಿದಿರೆಯ ಸಭಾಭವನವೊಂದರಲ್ಲಿ ಅಂದಿನ ಶಾಸಕರು ಈ ಮೂವರಿಗೆ ಶಾಲು ಹೊದಿಸಿದರು. ಭಾವಚಿತ್ರ ಪತ್ರಿಕೆಯಲ್ಲಿ ಬಂತು. ಸೆಕೆಗೆ ಬೆವರಿಳಿಸುತ್ತ, ಹಣ್ಣಿನ ಬುಟ್ಟಿಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತ ಅವರನ್ನು ನೋಡಿದ ಯಾರಿಗೆ ತಾನೇ ರಾಜಕೀಯ ಸಂಚಿನ ವಾಸನೆ ಬಡಿಯದೆ ಇದ್ದೀತು? ಭಾಷಣ ಮಾಡಿದವರು ಶಾಸಕರು, ಮತ ಕೇಳಿದವರು ಶಾಸಕರು, ಸೋತವರೂ ಶಾಸಕರೇ. ಶಿಕ್ಷೆ ಮಾತ್ರ ಶಾಲು ಹೊದ್ದವರಿಗೆ.

ನನ್ನ ಹಳೆಯ ವಿದ್ಯಾರ್ಥಿಯಾದ ಚಿನ್ನಯ್ಯನವರು ಸಹಕಾರಿ ಸಂಘವೊಂದರ ಕಾವಲುಗಾರರು. ಸ್ವಂತ ಕೋವಿಯುಳ್ಳವರಿಗಷ್ಟೇ ಅಲ್ಲಿ ಆ ಕೆಲಸ. ಈಗ ಅದೇ ಬಾಗಿಲಲ್ಲಿ ಮಡಚಿದ ಕೊಡೆಯೊಂದನ್ನು ಹಿಡಿದು ಕೂರುತ್ತಾರೆ. ಈ ತಿಂಗಳೊಳಗೆ ಕೋವಿ ಬಾರದಿದ್ದರೆ ಬೇರೊಬ್ಬರನ್ನು ನೋಡಿಕೊಳ್ಳುವುದಾಗಿ ಸಂಘ ಹೇಳಿದೆ. ದೇಶವೇ ಬಂದೂಕು ಕೊಟ್ಟು ಗಡಿಯಲ್ಲಿ ನಿಲ್ಲಿಸಿದ್ದ ಕೈಗಳು ಒಂದು ಶಾಲು ತಾಗಿದೊಡನೆ ಅಪಾಯಕಾರಿಯಾದುವೆಂದರೆ, ಆ ಶಾಲನ್ನು ರಕ್ಷಣಾ ಇಲಾಖೆಯ ಪರೀಕ್ಷೆಗೆ ಕಳುಹಿಸುವುದು ಒಳಿತಲ್ಲವೇ?

ಕಳೆದ ವಾರ ನಾನು ಅವರ ಮನೆಯಲ್ಲಿದ್ದಾಗ, ಇಂದಿನ ಶಾಸಕರ ಕಡೆಯ ದಯಾನಂದ ಎಂಬವರು ಬಂದು ಕುಳಿತರು. ಚಿನ್ನಯ್ಯನವರ ಪತ್ನಿ ಕುಸುಮ ಚಹಾ ತಂದರು.

“ಚಿನ್ನಯ್ಯಣ್ಣ, ಬರುವ ಆದಿತ್ಯವಾರ ನಮ್ಮದೂ ಒಂದು ಸೈನಿಕರ ಸನ್ಮಾನ ಉಂಟು. ಬನ್ನಿ, ಒಂದು ಶಾಲು ಹಾಕಿಸಿಕೊಳ್ಳಿ, ಒಂದು ಫೋಟೋ. ಸೋಮವಾರ ಕೋವಿ ನಿಮ್ಮ ಮನೆಯಲ್ಲಿ.”

“ಶಾಲು ಒಂದು ಉಂಟಲ್ಲ ದಯಾನಂದರೇ. ಈ ಸೆಕೆಗೆ ಎರಡು ಯಾಕೆ?”

“ಹಠ ಯಾಕೆ ಮಾರಾಯ್ರೆ? ಬೆಳುವಾಯಿಯ ಹಾಜಬ್ಬರೂ ನಿಮ್ಮ ಜೊತೆ ಶಾಲು ಹಾಕಿಸಿಕೊಂಡವರೇ ಅಲ್ವಾ? ಅವರು ಒಪ್ಪಿ ಆಯ್ತು.”

“ಹಾಜಬ್ಬಣ್ಣ ಬೆಳಿಗ್ಗೆ ಇಲ್ಲಿಗೇ ಬಂದಿದ್ರು,” ಎಂದರು ಕುಸುಮ. “ನಾವು ಒಪ್ಪಿ ಆಯ್ತು ಅಂತ ಅವರಿಗೆ ಹೇಳಿದ್ದೀರಂತೆ. ಸಕ್ಕರೆ ಸಾಕಾ?”

ದಯಾನಂದರು ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅವರ ಬೈಕಿನ ಸದ್ದು ದೂರವಾದ ಮೇಲೆ ಚಿನ್ನಯ್ಯನವರು ನನ್ನೆಡೆಗೆ ತಿರುಗಿದರು.

“ಅವತ್ತು ಮರ್ಯಾದೆಗೆ ಅಂತ ಕರೆದ್ರು ಮಾಸ್ಟ್ರೇ, ಹೋದೆ. ಈಗ ಹೋದ್ರೆ ಹೆದರಿ ಹೋದ ಹಾಗೆ ಆಗ್ತದೆ. ಕೆಲಸ ಹೋದ್ರೆ ಹೋಗ್ಲಿ.”

ಹೋಗಲಿ ಎನ್ನುವ ಹಕ್ಕು ಅವರಿಗಿದೆ, ತಮಗಿಲ್ಲ. ಈ ತಿಂಗಳು ಮುಗಿಯುವ ಮುನ್ನ ಮೂರೂ ಕೋವಿಗಳನ್ನು ಹಿಂದಿರುಗಿಸಿ. ಇಲ್ಲವೇ ತಡೆಹಿಡಿಯಲು ಹೇಳಿದವರ ಹೆಸರನ್ನು ಸ್ಪಷ್ಟವಾಗಿ ಬರೆದು ಸಹಿ ಮಾಡಿ ಕೊಡಿ. ಇನ್ನು, ಶಾಂತಿಭಂಗದ ಮೂಲ ಯಾವುದೆಂಬುದು ತಮ್ಮ ಕಚೇರಿಯಲ್ಲೇ ಇತ್ಯರ್ಥವಾಗಿರುವುದರಿಂದ, ಮುಂದಿನ ಚುನಾವಣೆಗೆ ಕೋವಿಗಳ ಬದಲು ಶಾಲುಗಳನ್ನೇ ಠೇವಣಿಯಿರಿಸಿಕೊಳ್ಳುವುದು ಲೇಸು. ಚಿನ್ನಯ್ಯನವರದನ್ನು ಕುಸುಮ ಈಗಾಗಲೇ ಒಗೆದು ಮಡಚಿಟ್ಟಿದ್ದಾರೆ. ಅದನ್ನು ತಾವು ಹಿಂದಿರುಗಿಸಬೇಕೆಂದೂ ಇಲ್ಲ.

ಇಂತಿ,
ಪರವಾನಗಿಯಿಲ್ಲದ ಲೇಖನಿಯೊಂದನ್ನು ಇನ್ನೂ ಮನೆಯಲ್ಲೇ ಇಟ್ಟುಕೊಂಡಿರುವ
ನಿವೃತ್ತ ಕನ್ನಡ ಪಂಡಿತ,
ಮೂಡುಬಿದಿರೆ